ಹಿಪ್ಪಲಿಯೂ ಪೆಪ್ಪರೂ

ಕೊಡಗಿನ ಕಾಫಿಯ ತೋಟಗಳಲ್ಲಿ ನೆರಳಿನ ಮರಗಳನ್ನು ಅಪ್ಪಿಕೊಂಡು ಮೇಲೇರುವ ಬಳ್ಳಿಯೊಂದಕ್ಕೆ ಇಂದು ಎರಡು ಬಗೆಯ ಹೆಸರುಗಳು ನಡೆಯುತ್ತಿವೆ. ಅಡಿಗೆಯ ಮನೆಯಲ್ಲಿಯೂ ಅಜ್ಜಿಯರ ಮದ್ದಿನಲ್ಲಿಯೂ ಅದು ಮೆಣಸು, ಕರಿಮೆಣಸು, ಇಲ್ಲವೆ ಒಳ್ಳೆಮೆಣಸು. ಗೋಣಿಕೊಪ್ಪಲಿನ ಮಂಡಿಯಲ್ಲಿ, ತೋಟದ ಲೆಕ್ಕದ ಪುಸ್ತಕದಲ್ಲಿ, ಬೆಳೆಗಾರರ ದಿನದಿನದ ಮಾತಿನಲ್ಲಿ ಅದೇ ಕಾಳು ಪೆಪ್ಪರ್. ಮಾಘ ಫಾಲ್ಗುಣಗಳಲ್ಲಿ ಗೊಂಚಲು ಗೊಂಚಲಾಗಿ ಕೊಯ್ದು ಕಣದಲ್ಲಿ ಹರಡಿ ಒಣಗಿಸುವ ಪದಾರ್ಥವು ಒಂದೇ ಆದರೂ, ಆ ಎರಡು ಹೆಸರುಗಳ ಚರಿತ್ರೆಗಳು ಒಂದೇ ಅಲ್ಲ. ಪೆಪ್ಪರ್ ಎಂಬುದು ಇಂಗ್ಲಿಷರ ಮಾತು, ಅವರೊಡನೆ ಬಂದುದು, ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿರುವರು. ನಿಘಂಟುವನ್ನು ತೆರೆದು ನೋಡಿದವರು, ಅದರ ಮೂಲವು ಲ್ಯಾಟಿನ್ ಭಾಷೆಯ ‘ಪಿಪೆರ್’ ಎಂಬ ಶಬ್ದವೆಂದು ಕಂಡು ಅಲ್ಲಿಗೆ ನಿಲ್ಲುವರು. ಆದರೆ ಲ್ಯಾಟಿನ್ ಭಾಷೆಯು ಈ ಶಬ್ದಕ್ಕೆ ಹುಟ್ಟಿದ ಮನೆಯಲ್ಲ. ದೀರ್ಘವಾದೊಂದು ಪ್ರಯಾಣದ ನಡುವಣ ಛತ್ರ ಮಾತ್ರ. ಆ ಪ್ರಯಾಣವು ಹೊರಟುದು ನಮ್ಮ ದೇಶದಿಂದಲೇ.

ಈಗಿನ ಇಂಗ್ಲಿಷಿನ ಪೆಪ್ಪರ್, ಹಳೆಯ ಇಂಗ್ಲಿಷಿನಲ್ಲಿ ‘ಪಿಪೊರ್’ ಎಂದಿದ್ದಿತು. ಅದು ಲ್ಯಾಟಿನ್ನಿನ ‘ಪಿಪೆರ್’ ಎಂಬುದರಿಂದ ಬಂದುದು. ಲ್ಯಾಟಿನ್ನಿಗೆ ಅದನ್ನು ಕೊಟ್ಟುದು ಗ್ರೀಕರ ‘ಪೆಪೆರಿ.’ ಗ್ರೀಕರಿಗೆ ಅದು ಪೂರ್ವದೇಶದ ವ್ಯಾಪಾರಿಗಳ ಬಾಯಿಂದ ದೊರೆತುದು. ಅದರ ಮೂಲರೂಪವು ಸಂಸ್ಕೃತದ ‘ಪಿಪ್ಪಲೀ.’ ಇದೇ ಪಿಪ್ಪಲೀ ಶಬ್ದವು ಕನ್ನಡದಲ್ಲಿ ತದ್ಭವವಾಗಿ ‘ಹಿಪ್ಪಲಿ’ ಎಂದಾಗಿದೆ. ಆದುದರಿಂದ ಹಿಪ್ಪಲಿಯೂ ಪೆಪ್ಪರೂ ಒಂದೇ ತಾಯಿಯ ಮಕ್ಕಳು. ಒಬ್ಬಳು ತೌರಿನಲ್ಲಿಯೇ ಉಳಿದಳು, ಇನ್ನೊಬ್ಬಳು ಸಮುದ್ರದಾಚೆ ಹೋಗಿ ವೇಷಭಾಷೆಗಳನ್ನು ಬದಲಿಸಿಕೊಂಡು ಹಿಂದಿರುಗಿದಳು. ಇಷ್ಟನ್ನೇ ಹೇಳಿ ನಮ್ಮ ದೇಶದ ಹಿರಿಮೆಯನ್ನು ಕೊಂಡಾಡಿ ಮುಗಿಸಿಬಿಡಬಹುದಾಗಿತ್ತು. ಆದರೆ ಒಂದು ತೊಡಕುಂಟು. ಹಿಪ್ಪಲಿಯು ಮೆಣಸಲ್ಲ.

ಇವೆರಡನ್ನೂ ಗಂಧಿಗೆಯಂಗಡಿಯಲ್ಲಿ ನೋಡಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಮೆಣಸು ಗುಂಡಾದ ಕಾಳು. ಗೊಂಚಲಿನಲ್ಲಿ ಒಂದೊಂದು ಕಾಳೂ ಬೇರೆಬೇರೆಯಾಗಿರುವುದು. ಹಿಪ್ಪಲಿಯಾದರೋ ಬೆರಳಿನ ಗೆಣ್ಣಿನಷ್ಟು ಉದ್ದವಾದ ಕದಿರು. ಬಹು ಸಣ್ಣ ಕಾಳುಗಳು ಒಂದಕ್ಕೊಂದು ಅಂಟಿ ಬೆಳೆದು ಒಂದೇ ಕಾಯಿಯಂತೆ ಕಾಣುವುವು. ಬಳ್ಳಿಗಳೂ ಬೇರೆ. ಮೆಣಸಿನ ಬಳ್ಳಿಯು ಸಹ್ಯಾದ್ರಿಯ ಮಳೆಗಾಡುಗಳಲ್ಲಿ ತಾನಾಗಿ ಹುಟ್ಟಿ ಎತ್ತರದ ಮರಗಳಿಗೆ ಹಬ್ಬತಕ್ಕದ್ದು. ಹಿಪ್ಪಲಿಯ ಬಳ್ಳಿಯು ಬಹುಮಟ್ಟಿಗೆ ನೆಲದ ಮೇಲೆಯೇ ಹರಿಯತಕ್ಕದ್ದು. ನಮ್ಮ ವೈದ್ಯರು ಇವನ್ನು ಎಂದಿಗೂ ಬೆರಸಿದವರಲ್ಲ. ಶುಂಠಿ, ಮೆಣಸು, ಹಿಪ್ಪಲಿ ಈ ಮೂರೂ ಸೇರಿದರೆ ತ್ರಿಕಟು ಎಂಬ ಹೆಸರು ಬರುವುದು. ಮೆಣಸೂ ಹಿಪ್ಪಲಿಯೂ ಒಂದೇ ಆಗಿದ್ದರೆ ಅದು ದ್ವಿಕಟುವಾಗಬೇಕಾಗಿತ್ತಲ್ಲವೇ?

ಸಂಸ್ಕೃತದಲ್ಲಿ ಈ ಎರಡಕ್ಕೂ ಬೇರೆಬೇರೆ ಶಬ್ದಗಳಿರುವುವು. ಹಿಪ್ಪಲಿಯು ಪಿಪ್ಪಲೀ, ಮೆಣಸು ಮರಿಚ. ಪಿಪ್ಪಲೀ ಎಂಬುದು ಬಹು ಪ್ರಾಚೀನವಾದ ಮಾತು. ಅಥರ್ವವೇದದ ಆರನೆಯ ಕಾಂಡದ ಒಂದು ಸೂಕ್ತವು ಗಾಯವನ್ನು ಮಾಯಿಸುವ ಔಷಧಿಯೆಂದು ಅದನ್ನೇ ಸ್ತುತಿಸುತ್ತದೆ. ಅದಕ್ಕೆ ಹತ್ತಿರದ ‘ಪಿಪ್ಪಲ’ ಎಂಬ ಶಬ್ದವು, ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳನ್ನು ವರ್ಣಿಸುವ ಋಗ್ವೇದದ ಪ್ರಸಿದ್ಧವಾದ ಮಂತ್ರದಲ್ಲಿ ಸಣ್ಣ ಹಣ್ಣು ಎಂಬ ಅರ್ಥದಲ್ಲಿ ಬಂದಿದೆ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇನ್ನೊಂದು ಸಂಗತಿಯೂ ನೆನಪಿಗೆ ಬರಬಹುದು. ಅಲ್ಲಿ ಪಿಪ್ಪಲಿಯ ಪರ್ಯಾಯನಾಮಗಳಲ್ಲಿ ಮಾಗಧೀ, ವೈದೇಹೀ ಎಂಬ ಎರಡು ಹೆಸರುಗಳಿವೆ. ಮಗಧದಿಂದ ಬಂದುದು, ವಿದೇಹದಿಂದ ಬಂದುದು ಎಂದು ಅವುಗಳ ಅರ್ಥ. ಅಂದರೆ ಗಂಗಾನದಿಯ ಬಯಲಿನ ಜನರು ಇದನ್ನು ತಮ್ಮ ಪೂರ್ವದೇಶದ ಪದಾರ್ಥವೆಂದು ತಿಳಿದಿದ್ದರು. ಮೆಣಸಿನ ಹೆಸರುಗಳು ಬೇರೊಂದು ಸಾಲಿನಲ್ಲಿ ಬೇರೆಯಾಗಿಯೇ ಇರುವುವು. ಅವುಗಳಲ್ಲಿ ಮಗಧದ ಸುಳಿವಿಲ್ಲ.

ಹೀಗಿರಲು, ಮಗಧದ ಹಿಪ್ಪಲಿಯ ಹೆಸರು ಸಹ್ಯಾದ್ರಿಯ ಮೆಣಸಿಗೆ ಹೇಗೆ ಬಂದಿತು? ಇದಕ್ಕೆ ಉತ್ತರವನ್ನು ಹುಡುಕುವ ಮೊದಲು, ಈ ಶಬ್ದಸಂಬಂಧವು ನಿಜವೆಂದು ನಂಬುವುದಕ್ಕೆ ಆಧಾರವೇನೆಂಬುದನ್ನು ಪರೀಕ್ಷಿಸುವುದು ನ್ಯಾಯ. ಎರಡು ಶಬ್ದಗಳು ಕಿವಿಗೆ ಒಂದೇ ತೆರನಾಗಿ ಕೇಳಿದ ಮಾತ್ರಕ್ಕೆ ನೆಂಟರೆನ್ನುವುದು ಸಾಹಸ. ಪಾರಸಿಯ ‘ಬೆಹತರ್’ ಎಂಬುದಕ್ಕೂ ಇಂಗ್ಲಿಷಿನ ‘ಬೆಟರ್’ ಎಂಬುದಕ್ಕೂ ಉಚ್ಚಾರಣೆಯಲ್ಲಿ ಸಾಮ್ಯವುಂಟು, ಅರ್ಥದಲ್ಲಿ ಐಕ್ಯವೇ ಉಂಟು. ಆದರೂ ಭಾಷಾಶಾಸ್ತ್ರಜ್ಞರು ಅದನ್ನು ಕಾಕತಾಳೀಯವೆಂದು ತಳ್ಳಿಹಾಕಿರುವರು. ಸಾಮ್ಯದ ಹಿಂದೆ ನಿಯಮವಿರಬೇಕು. ಶಬ್ದವು ನಡೆದು ಬಂದ ದಾರಿಯು ಕಾಣಬೇಕು.

ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷು ಮೊದಲಾದುವು ಒಂದೇ ಮೂಲಭಾಷೆಯಿಂದ ಕವಲೊಡೆದುವೆಂಬುದು ಈಗ ಸಿದ್ಧವಾದ ವಿಷಯ. ಅಂತಹ ಹುಟ್ಟುನೆಂಟಸ್ತಿಕೆಯ ಶಬ್ದಗಳಲ್ಲಿ, ಸಂಸ್ಕೃತ ಲ್ಯಾಟಿನ್‌ಗಳ ಮೊದಲ ಪಕಾರವು ಇಂಗ್ಲಿಷಿನಲ್ಲಿ ಫಕಾರವಾಗುವುದು ನಿಯಮ. ಸಂಸ್ಕೃತದ ಪಿತೃ, ಲ್ಯಾಟಿನ್ನಿನ ‘ಪಾತೆರ್,’ ಇಂಗ್ಲಿಷಿನಲ್ಲಿ ‘ಫಾದರ್’. ಸಂಸ್ಕೃತದ ಪಾದ, ಇಂಗ್ಲಿಷಿನಲ್ಲಿ ‘ಫುಟ್.’ ಈ ನಿಯಮವನ್ನು ಜರ್ಮನ್ ಪಂಡಿತನಾದ ಯಾಕೋಬ್ ಗ್ರಿಮ್ಮನು 1822ರಲ್ಲಿ ವಿಶದಪಡಿಸಿದನು. ಪಿಪ್ಪಲಿಯು ಇಂಗ್ಲಿಷಿಗೆ ಪಿತ್ರಾರ್ಜಿತವಾಗಿ ಬಂದುದಾದರೆ ಅದರ ಮೊದಲಲ್ಲಿ ಫಕಾರವಿರಬೇಕಾಗಿತ್ತು. ಹಾಗಿಲ್ಲದೆ ಪಕಾರವೇ ನಿಂತಿರುವುದರಿಂದ, ಆ ಧ್ವನಿವ್ಯತ್ಯಾಸದ ಕಾಲವೆಲ್ಲ ಕಳೆದ ಮೇಲೆ, ಸರಕಿನೊಡನೆ ಸಾಲವಾಗಿ ಬಂದ ಶಬ್ದವೇ ಇದೆಂದು ನಿಶ್ಚಯಿಸಬಹುದಾಗಿದೆ. ತಂದೆಯ ಹೆಸರು ಮನೆತನದಿಂದ ಬಂದುದು. ಪೆಪ್ಪರಿನ ಹೆಸರು ಅಂಗಡಿಯಿಂದ ಬಂದುದು.

ಇನ್ನು ಪಿಪ್ಪಲಿಯ ಲಕಾರವು ಪೆಪೆರಿಯಲ್ಲಿ ರಕಾರವಾದುದೇಕೆಂಬ ಪ್ರಶ್ನೆ. ರಲಗಳಿಗೆ ಅಭೇದವೆಂಬ ಮಾತನ್ನು ನಮ್ಮ ಪಾಠಶಾಲೆಗಳಲ್ಲಿ ಎಲ್ಲರೂ ಕಲಿತಿರುವರು. ಆದರೆ ಇಲ್ಲಿ ಅದಕ್ಕಿಂತ ಬಲವಾದ ಸಾಕ್ಷ್ಯವೊಂದುಂಟು. ಭಾರತದ ಸರಕು ಗ್ರೀಸಿಗೆ ಹೋಗುತ್ತಿದ್ದುದು ಪರ್ಷಿಯದ ಮೂಲಕ. ಪ್ರಾಚೀನ ಪಾರಸಿಯಲ್ಲಿ ಲಕಾರವು ಇಲ್ಲವೆನ್ನುವಷ್ಟು ವಿರಳ. ಪರದೇಶದ ಶಬ್ದಗಳ ಲಕಾರವನ್ನು ಅವರು ರಕಾರವಾಗಿಯೇ ಉಚ್ಚರಿಸುತ್ತಿದ್ದರು. ದಾರಯವಹು ಚಕ್ರವರ್ತಿಯ ಬೆಹಿಸ್ತೂನಿನ ಬಂಡೆಗಲ್ಲಿನ ಶಾಸನದಲ್ಲಿ, ಬಾಬಿಲು ಎಂಬ ನಗರವು ‘ಬಾಬಿರು’ ಎಂದೇ ಕೊರೆಯಲ್ಪಟ್ಟಿದೆ. ಬಾಬಿಲನ್ನು ಬಾಬಿರು ಎಂದ ನಾಲಗೆಯು ಪಿಪ್ಪಲಿಯನ್ನು ಪಿಪ್ಪರಿ ಎಂದುದರಲ್ಲಿ ಆಶ್ಚರ್ಯವೇನು? ಗ್ರೀಕರ ಹಳೆಯ ವೈದ್ಯಗ್ರಂಥಗಳಲ್ಲಿಯೂ ಪೆಪೆರಿಯನ್ನು ಭಾರತದ ಔಷಧವೆಂದೇ ಹೇಳಿದೆ. ಲಕಾರವನ್ನು ಬಲ್ಲ, ಆದರೆ ಪಕಾರವನ್ನರಿಯದ ಅರಬ್ಬರು ಇದೇ ಶಬ್ದವನ್ನು ‘ಫಿಲ್‌ಫಿಲ್’ ಎಂದು ಮಾಡಿಕೊಂಡರು. ಹೀಗೆ ಯಾವ ಯಾವ ದೇಶವನ್ನು ದಾಟಿದುದೋ ಆ ದೇಶದ ಸುಂಕದ ಮುದ್ರೆಯು ಶಬ್ದದ ಮೇಲೆ ಬಿದ್ದಿದೆ.

ಪೆಪೆರಿಯು ಗ್ರೀಸನ್ನು ಮೊದಲು ಸೇರಿದುದು ಅಡಿಗೆಗಲ್ಲ, ಔಷಧಕ್ಕೆ. ಅದು ಬಂದುದು ನಮ್ಮ ದೇಶದ ವಾಯವ್ಯದ ನೆಲದ ದಾರಿಯಿಂದ. ಆ ದಾರಿಗೆ ಹತ್ತಿರವಾದುದು ಗಂಗೆಯ ಬಯಲಿನ ಸರಕು. ಆದುದರಿಂದ ಹಿಪ್ಪಲಿಯೂ ಹಿಪ್ಪಲಿಯ ಹೆಸರೂ ಜೊತೆಜೊತೆಯಾಗಿ ಮುಂದೆ ಹೋದುವು. ಆದರೆ ಕ್ರಿಸ್ತಪೂರ್ವ 4ನೆಯ ಶತಮಾನದ ಅಂತ್ಯದ ಹೊತ್ತಿಗೆ ಮೆಣಸೂ ಅಲ್ಲಿಗೆ ಮುಟ್ಟಿದ್ದಿತು. ಅರಿಸ್ಟಾಟಲನ ಶಿಷ್ಯನೂ ಸಸ್ಯಶಾಸ್ತ್ರದ ಆದಿಪುರುಷನೆನಿಸಿದವನೂ ಆದ ಥಿಯೊಫ್ರಾಸ್ಟಸನು, ಪೆಪೆರಿಯಲ್ಲಿ ಎರಡು ಜಾತಿಗಳುಂಟೆಂದೂ, ಒಂದು ಗುಂಡಾದುದು, ಮತ್ತೊಂದು ನೀಳವಾಗಿ ಕಪ್ಪಾದುದೆಂದೂ, ನೀಳವಾದುದರ ತೀಕ್ಷ್ಣತೆಯೇ ಹೆಚ್ಚೆಂದೂ ಬರೆದಿರುವನು. ಗುಂಡಾದುದು ನಮ್ಮ ಮೆಣಸು, ನೀಳವಾದುದು ಹಿಪ್ಪಲಿ. ಎರಡನ್ನೂ ಕಣ್ಣಿನಿಂದ ಬೇರ್ಪಡಿಸಿದ ಆ ಪಂಡಿತನು ಹೆಸರಿನಿಂದ ಬೇರ್ಪಡಿಸಲಿಲ್ಲ. ಮೆಣಸಿಗೆ ತನ್ನದೇ ಆದ ಹೆಸರು ಪಶ್ಚಿಮದಲ್ಲಿ ದೊರೆಯದೆಹೋದುದು ಇಲ್ಲಿಯೇ. ಬಂದವನ ಹೆಸರನ್ನು ಕೇಳುವ ಮೊದಲೇ, ಹಿಂದೆ ಬಂದವನ ಹೆಸರಿನಿಂದ ಅವನನ್ನು ಕರೆದುಬಿಟ್ಟರು.

ಮುಂದೆ ರೋಮನರ ಪ್ರಾಬಲ್ಯದ ಕಾಲದಲ್ಲಿ ವ್ಯಾಪಾರದ ದಾರಿಯು ನೆಲದಿಂದ ಜಲಕ್ಕೆ ತಿರುಗಿತು. ಮುಂಗಾರಿನ ಗಾಳಿಯನ್ನು ನಂಬಿ ಈಜಿಪ್ಟಿನ ರೇವುಗಳಿಂದ ಹೊರಟ ಹಡಗುಗಳು ನೇರವಾಗಿ ಮಲೆಯಾಳದ ಕರಾವಳಿಯನ್ನು ಮುಟ್ಟತೊಡಗಿದುವು. ಕ್ರಿಸ್ತಶಕ 1ನೆಯ ಶತಮಾನದಲ್ಲಿ ಅಜ್ಞಾತನಾದ ಗ್ರೀಕ್ ನಾವಿಕನೊಬ್ಬನು ಬರೆದಿಟ್ಟ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ, ಮುಜಿರಿಸ್ ಮತ್ತು ನೆಲ್ಕಿಂಡ ಎಂಬ ರೇವುಗಳಿಗೆ ಬಹು ದೊಡ್ಡ ಹಡಗುಗಳೇ ಬರುವುವೆಂದೂ, ಅಲ್ಲಿ ತುಂಬಬೇಕಾದ ಮೆಣಸು ಮತ್ತು ತಮಾಲಪತ್ರಗಳ ರಾಶಿಯೇ ಅದಕ್ಕೆ ಕಾರಣವೆಂದೂ ಹೇಳಿದೆ. ಯವನರ ಹಡಗುಗಳು ಹೊನ್ನನ್ನು ತಂದು ಮೆಣಸನ್ನು ಒಯ್ಯುತ್ತಿದ್ದುದನ್ನು ತಮಿಳಿನ ಅಹನಾನೂರು ಸಂಗ್ರಹದ ಪದ್ಯವೊಂದು ಇತ್ತಣ ತೀರದಿಂದ ಕಂಡು ವರ್ಣಿಸಿದೆ. ಈಜಿಪ್ಟಿನ ಬೆರೆನಿಕೆ ಎಂಬ ರೇವಿನ ಅವಶೇಷಗಳನ್ನು ಅಗೆದಾಗ, ಭಾರತದಲ್ಲಿ ಮಾಡಿದ ಒಂದು ಮಣ್ಣಿನ ಭಾಂಡದೊಳಗೆ ಸುಮಾರು ಏಳೂವರೆ ಕಿಲೋಗ್ರಾಮಿನಷ್ಟು ಕರಿಮೆಣಸು ಹಾಗೆಯೇ ದೊರಕಿತು. ರೋಮ್ ನಗರದಲ್ಲಿ ಡೊಮಿಷಿಯನ್ ಚಕ್ರವರ್ತಿಯ ಕಾಲಕ್ಕೆ ಮೆಣಸಿನ ಉಗ್ರಾಣವೊಂದು ಕಟ್ಟಲ್ಪಟ್ಟಿತು. ಅದರ ಹೆಸರಿನಲ್ಲಿಯೂ ‘ಪಿಪೆರ್’ ಎಂಬ ಶಬ್ದವೇ ಇದ್ದಿತು.

ಸರಕು ಸಹ್ಯಾದ್ರಿಯದು, ಹೆಸರು ಮಗಧದ್ದು ಎಂಬ ಈ ಬೆರಕೆಯಿಂದ ಎಂತಹ ಭ್ರಾಂತಿಯು ಹುಟ್ಟಬಹುದೆಂಬುದಕ್ಕೆ ಪ್ಲಿನಿಯೇ ಸಾಕ್ಷಿ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯುಗುಳಿದಾಗ ಮೃತನಾದ ಈ ಬಹುಶ್ರುತನು ತನ್ನ ‘ಪ್ರಕೃತಿಚರಿತ್ರೆ’ಯ 12ನೆಯ ಪುಸ್ತಕದಲ್ಲಿ ರೋಮಿನ ಧಾರಣೆಯನ್ನು ಕೊಟ್ಟಿರುವನು. ಒಂದು ರೋಮನ್ ಪೌಂಡಿಗೆ ಹಿಪ್ಪಲಿಗೆ 15 ದೆನಾರಿ, ಬಿಳಿಯ ಮೆಣಸಿಗೆ 7, ಕರಿಯ ಮೆಣಸಿಗೆ 4. ಖಾರವೊಂದನ್ನುಳಿದು ಬೇರೆ ಗುಣವಿಲ್ಲದ ಈ ಕಾಳಿಗಾಗಿ ಜನರು ಭಾರತದವರೆಗೂ ಹೋಗುವರಲ್ಲಾ ಎಂದು ಅವನು ಬೇಸರಪಟ್ಟಿರುವನು. ಬೆಲೆಯನ್ನು ಸರಿಯಾಗಿ ಬರೆದವನು ಬಳ್ಳಿಯನ್ನು ಮಾತ್ರ ತಪ್ಪಾಗಿ ಬರೆದನು. ಅವನ ಮತದಂತೆ ಮೂರೂ ಒಂದೇ ಮರದವು: ಕೋಡುಗಳು ಒಡೆಯುವ ಮೊದಲೇ ಕಿತ್ತು ಒಣಗಿಸಿದರೆ ಹಿಪ್ಪಲಿ, ಕೋಡು ಮಾಗಿ ಬಿರಿದಾಗ ಒಳಗೆ ಕಾಣುವುದು ಬಿಳಿಯ ಮೆಣಸು, ಅದು ಬಿಸಿಲಿಗೆ ಸುಕ್ಕಿದರೆ ಕರಿಯ ಮೆಣಸು.

ಕೊಡಗಿನ ಯಾವ ತೋಟದ ಆಳನ್ನು ಕೇಳಿದರೂ ಪ್ಲಿನಿಯ ಈ ಸಿದ್ಧಾಂತವು ಬಿದ್ದುಹೋಗುವುದು. ಬಲಿತು ಇನ್ನೂ ಹಸುರಾಗಿರುವ ಕಾಳನ್ನು ಬಿಸಿಲಿನಲ್ಲಿ ಒಣಗಿಸಿದರೆ ಸಿಪ್ಪೆಯು ಸುಕ್ಕಿ ಕರಿಮೆಣಸಾಗುವುದು. ಹಣ್ಣಾದ ಕಾಳನ್ನು ನೀರಿನಲ್ಲಿ ನೆನೆಹಾಕಿ ಸಿಪ್ಪೆಯನ್ನು ಉಜ್ಜಿ ತೆಗೆದರೆ ಬಿಳಿಮೆಣಸಾಗುವುದು. ಇವೆರಡೂ ಒಂದೇ ಬಳ್ಳಿಯವೆಂಬಷ್ಟು ಮಾತ್ರ ನಿಜ. ಹಿಪ್ಪಲಿಯನ್ನು ಆ ಬಳ್ಳಿಯು ಎಂದಿಗೂ ಬಿಡದು. ಆದರೆ ಪ್ಲಿನಿಯು ಮೂರ್ಖನಲ್ಲ. ಅವನು ಬಳ್ಳಿಯನ್ನು ಕಂಡವನಲ್ಲ, ಹೆಸರನ್ನು ಕೇಳಿದವನು. ಮೂರಕ್ಕೂ ‘ಪಿಪೆರ್’ ಎಂಬುದೊಂದೇ ಹೆಸರಾದುದರಿಂದ ಮೂರಕ್ಕೂ ಒಂದೇ ಮರವಿರಬೇಕೆಂದು ಊಹಿಸಿದನು. ಶಬ್ದವು ಒಂದಾದರೆ ಅರ್ಥವೂ ಒಂದೇ ಎಂದು ನಂಬಿದುದರ ಫಲವಿದು. ಹೆಸರಿನ ಸಾಲವನ್ನು ವ್ಯಾಪಾರಿಗಳು ಮಾಡಿದರು. ಅದರ ಬಡ್ಡಿಯನ್ನು ಪಂಡಿತರು ತೆತ್ತರು.

ಲ್ಯಾಟಿನ್ನಿನ ಈ ಶಬ್ದವು ರೋಮನರ ದಂಡಿನೊಡನೆ ಉತ್ತರಕ್ಕೆ ನಡೆಯಿತು. ಬ್ರಿಟನ್ನಿನ ಉತ್ತರದ ಗಡಿಯ ವಿಂಡೊಲಾಂಡ ಎಂಬ ಕೋಟೆಯ ಕೆಸರಿನಲ್ಲಿ 1973ರಿಂದೀಚೆಗೆ ದೊರಕಿದ ತೆಳುವಾದ ಮರದ ಹಲಗೆಗಳಲ್ಲಿ, ಸುಮಾರು ಕ್ರಿಸ್ತಶಕ 100ರ ಸುಮಾರಿನ ಸಿಪಾಯಿಗಳ ಲೆಕ್ಕಪತ್ರಗಳಿವೆ. ಅವುಗಳಲ್ಲೊಂದರಲ್ಲಿ ಒಬ್ಬ ಸಿಪಾಯಿಯ ಹೆಸರಿನಲ್ಲಿ ಎರಡು ದೆನಾರಿಯ ‘ಪಿಪೆರ್’ ಬರೆಯಲ್ಪಟ್ಟಿದೆ. ಇಂಗ್ಲಿಷ್ ಜನರು ಆ ದ್ವೀಪದಲ್ಲಿ ಕಾಲಿಡುವುದಕ್ಕೆ ಮುನ್ನೂರು ವರ್ಷಗಳಿಗೂ ಹಿಂದೆಯೇ ಆ ನೆಲವು ಈ ಶಬ್ದವನ್ನು ಕೇಳಿದ್ದಿತು. 1992ರಲ್ಲಿ ಇಂಗ್ಲೆಂಡಿನ ಹಾಕ್ಸನ್ ಎಂಬ ಗ್ರಾಮದಲ್ಲಿ ದೊರೆತ ರೋಮನರ ನಿಕ್ಷೇಪದಲ್ಲಿ ಮೆಣಸಿನ ಪುಡಿಯನ್ನು ಉದುರಿಸುವ ಬೆಳ್ಳಿಯ ಕರಂಡಕಗಳಿದ್ದುವು. ಕ್ರಿಸ್ತಶಕ 408ರಲ್ಲಿ ಗಾಥರ ಅರಸನಾದ ಅಲಾರಿಕನು ರೋಮನ್ನು ಮುತ್ತಿದಾಗ, ಮುತ್ತಿಗೆಯನ್ನು ತೆಗೆಯಲು ಅವನು ಪಡೆದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ಪಟ್ಟೆಯ ಅಂಗಿಗಳೊಡನೆ 3,000 ಪೌಂಡು ಮೆಣಸೂ ಸೇರಿದ್ದಿತು.

ರೋಮನರ ನೆರೆಯವರಾಗಿದ್ದ ಜರ್ಮನ್ ಕುಲದವರು ಅವರಿಂದ ಸರಕನ್ನೂ ಹೆಸರನ್ನೂ ಕೊಂಡರು. ಅವರಲ್ಲಿ ಕೆಲವರು 5ನೆಯ ಶತಮಾನದಲ್ಲಿ ಸಮುದ್ರವನ್ನು ದಾಟಿ ಇಂಗ್ಲಿಷರಾದರು. ಅವರ ಬಾಯಲ್ಲಿ ಅದು ‘ಪಿಪೊರ್’ ಆಗಿ ನಿಂತಿತು. ನೆಲದಲ್ಲಿಯೇ ಉಳಿದ ಜರ್ಮನರ ಬಾಯಲ್ಲಿ ಅದೇ ಶಬ್ದವು ‘ಪ್ಫೆಫರ್’ ಆಯಿತು; ಏಕೆಂದರೆ ಆ ಭಾಷೆಯ ಪಕಾರಗಳು ಅನಂತರದ ಕಾಲದಲ್ಲಿ ಮಾರ್ಪಟ್ಟುವು. ಇಂತಹ ಮಾರ್ಪಾಡು ಕನ್ನಡಿಗರಿಗೆ ಹೊಸದಲ್ಲ. ಹಳಗನ್ನಡದ ಪಾಲ್, ಪೂ, ಪುಲಿಗಳು ಹಾಲು, ಹೂ, ಹುಲಿಗಳಾದ ಹಾಗೆ ಪಿಪ್ಪಲಿಯು ಹಿಪ್ಪಲಿಯಾಯಿತು. ಕೊಡವರ ನುಡಿಯಾದರೋ ಆ ಪಕಾರವನ್ನು ಬಿಟ್ಟುಕೊಡಲಿಲ್ಲ. ಹೊಸ ಅಕ್ಕಿಯ ಹಬ್ಬವನ್ನು ಕೊಡವರು ಪುತ್ತರಿ ಎನ್ನುವರು, ಕನ್ನಡಿಗರು ಹುತ್ತರಿ ಎನ್ನುವರು. ಒಂದೇ ಊರಿನಲ್ಲಿ, ಒಂದೇ ಹುಣ್ಣಿಮೆಯ ಸಮಯದಲ್ಲಿ, ಒಂದೇ ಕದಿರನ್ನು ಕುರಿತು. ಕನ್ನಡದ ಹಿಪ್ಪಲಿಗೂ ಇಂಗ್ಲಿಷಿನ ಪೆಪ್ಪರಿಗೂ ಇರುವ ಅಂತರದ ಮೊದಲರ್ಧವು ಹುತ್ತರಿಗೂ ಪುತ್ತರಿಗೂ ಇರುವ ಅಂತರವೇ. ಮೊದಲಕ್ಷರದ ಮಟ್ಟಿಗೆ ಹೇಳುವುದಾದರೆ, ಮೂಲದ ಪಕಾರವನ್ನು ದೂರದ ಪೆಪ್ಪರೇ ಕಾಪಾಡಿಕೊಂಡಿದೆ, ಮನೆಯಲ್ಲಿದ್ದ ಹಿಪ್ಪಲಿಯು ಕಳೆದುಕೊಂಡಿದೆ. ಅರ್ಥದ ವಿಷಯದಲ್ಲಿ ಇದಕ್ಕೆ ತಲೆಕೆಳಗು: ಹಿಪ್ಪಲಿಯು ತನ್ನ ಅರ್ಥವನ್ನು ಉಳಿಸಿಕೊಂಡಿತು, ಪೆಪ್ಪರು ಬಿಟ್ಟುಬಿಟ್ಟಿತು.

ಇಂಗ್ಲೆಂಡಿನಲ್ಲಿ ಈ ಶಬ್ದವು ಬಹು ಗೌರವದಿಂದ ಬಾಳಿತು. ಕ್ರಿಸ್ತಶಕ 735ರಲ್ಲಿ ಅವಸಾನಕಾಲವು ಸಮೀಪಿಸಿದಾಗ ಇತಿಹಾಸಕಾರನಾದ ಬೀಡ್ ಸನ್ಯಾಸಿಯು ತನ್ನ ಪೆಟ್ಟಿಗೆಯಲ್ಲಿದ್ದ ಅಮೂಲ್ಯವಸ್ತುಗಳನ್ನು ಸಹವಾಸಿಗಳಿಗೆ ಹಂಚಿದನು. ಅವು ಸ್ವಲ್ಪ ಮೆಣಸು, ಕೆಲವು ವಸ್ತ್ರಗಳು ಮತ್ತು ಧೂಪ. 1180ರ ಲಂಡನ್ನಿನ ದಾಖಲೆಯಲ್ಲಿ ಮೆಣಸಿನ ವರ್ತಕರ ಶ್ರೇಣಿಯ ಹೆಸರು ಬರುತ್ತದೆ. ಗೇಣಿಯನ್ನು ಮೆಣಸಿನ ರೂಪದಲ್ಲಿ ಸಲ್ಲಿಸುವ ಪದ್ಧತಿಯೂ ಇದ್ದಿತು. ಕಾಲಕ್ರಮದಲ್ಲಿ ಕಾಳು ಅಗ್ಗವಾಗಲು, ‘ಒಂದು ಮೆಣಸಿನ ಕಾಳಿನ ಗೇಣಿ’ ಎಂಬ ಮಾತು ಇಂಗ್ಲಿಷ್ ನ್ಯಾಯಶಾಸ್ತ್ರದಲ್ಲಿ ಹೆಸರಿಗೆ ಮಾತ್ರ ಕೊಡುವ ಗೇಣಿ ಎಂಬ ಅರ್ಥವನ್ನು ಪಡೆಯಿತು. ಅರಸನ ಕಪ್ಪದಲ್ಲಿ ಚಿನ್ನದ ಪಕ್ಕದಲ್ಲಿ ಕುಳಿತಿದ್ದ ಪದಾರ್ಥವೇ ಕೊನೆಗೆ ಅಲ್ಪತ್ವಕ್ಕೆ ಉಪಮಾನವಾಯಿತು.

ಅನಂತರ ಈ ಶಬ್ದವು ಮತ್ತೊಮ್ಮೆ ಹಾದಿ ತಪ್ಪಿತು. 1492ರಲ್ಲಿ ಕೊಲಂಬಸನು ಪಡುವಣ ಸಮುದ್ರವನ್ನು ದಾಟಿದುದು ಭಾರತದ ಮೆಣಸಿನ ಆಸೆಯಿಂದ. ಅಲ್ಲಿ ಅವನಿಗೆ ದೊರೆತುದು ಆ ದೇಶದವರು ‘ಅಹಿ’ ಎನ್ನುತ್ತಿದ್ದ, ಕೆಂಪಗೆ ಖಾರವಾದ ಒಂದು ಕಾಯಿ. ಅದನ್ನು ಅವನು 1493ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ಅವರ ಮೆಣಸೆಂದೇ ಬರೆದನು. ಇಂಗ್ಲಿಷರೂ ಅದನ್ನು ಕೆಂಪು ಪೆಪ್ಪರ್ ಎಂದರು. ಹಂಗೇರಿಯವರ ‘ಪಾಪ್ರಿಕ’ ಎಂಬ ಕೆಂಪುಖಾರದ ಹೆಸರೂ ಸ್ಲಾವ್ ಭಾಷೆಗಳ ಮೂಲಕ ಲ್ಯಾಟಿನ್ನಿನ ‘ಪಿಪೆರ್’ ಎಂಬುದರಿಂದಲೇ ಹುಟ್ಟಿದುದು. ಹೀಗೆ ಪಿಪ್ಪಲಿಯ ಹೆಸರು ಮೊದಲು ಮರಿಚಕ್ಕೂ ಮರಿಚದಿಂದ ಅಮೆರಿಕೆಯ ಕಾಯಿಗೂ ಹೋಯಿತು.

ಆ ಕಾಯಿಯು ಪೋರ್ತುಗೀಜರೊಡನೆ 16ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದಿತು. ಇಲ್ಲಿ ನಮ್ಮವರು ಮಾಡಿದುದೇನು? ಕೊಲಂಬಸನು ಮಾಡಿದುದನ್ನೇ. ಮೆಣಸಿನಂತೆ ಖಾರವಾದ ಕಾಯಿಯನ್ನು ಮೆಣಸಿನಕಾಯಿ ಎಂದು ಕರೆದರು. ಹಳಗನ್ನಡದ ಮೆಳಸು, ತಮಿಳರ ಮಿಳಗು, ಮಲೆಯಾಳಿಗಳ ಮುಳಗು, ತುಳುವರ ಮುಂಚಿ ಇವೆಲ್ಲ ಒಂದೇ ಬುಡದ ಶಬ್ದಗಳು. ಕಾಳಿನ ಬಳ್ಳಿಗೆ ಅದು ಹುಟ್ಟಿದ ನಾಡಿನವರೇ ಇಟ್ಟ ಹೆಸರುಗಳು. ಕ್ರಮೇಣ ಕರಾವಳಿಯ ಬಹುಭಾಗದಲ್ಲಿ ಬರಿಯ ಮೆಣಸು, ಬರಿಯ ಮುಂಚಿ, ಬರಿಯ ಮುಳಗು ಎಂದರೆ ಕೆಂಪು ಕಾಯಿಯೇ ಎಂದಾಯಿತು. ಹೊಸದಾಗಿ ಬಂದ ಕಾಯಿಯು ಹೆಸರನ್ನು ಕಿತ್ತುಕೊಂಡಿತು; ಹಳೆಯ ಕಾಳು ತನ್ನನ್ನು ಗುರುತಿಸಿಕೊಳ್ಳುವುದಕ್ಕೆ ವಿಶೇಷಣವನ್ನು ಬೇಡಬೇಕಾಯಿತು. ಒಳ್ಳೆಮೆಣಸು, ಎಡ್ಡೆಮುಂಚಿ, ನಲ್ಲಮುಳಗು ಎಂಬ ಹೆಸರುಗಳು ಹುಟ್ಟಿದುದು ಹೀಗೆ. ಕನ್ನಡ, ತುಳು, ಮಲೆಯಾಳ ಈ ಮೂರು ಭಾಷೆಗಳೂ ಒಳ್ಳೆಯದು ಎಂಬ ಒಂದೇ ವಿಶೇಷಣವನ್ನು ಆರಿಸಿಕೊಂಡಿರುವುದನ್ನು ವಾಚಕರು ಗಮನಿಸಬೇಕು. ಹೆಸರನ್ನು ಉಳಿಸಲಾರದ ಜನರು ಮರ್ಯಾದೆಯನ್ನಾದರೂ ಉಳಿಸಿದರು.

ಪೋರ್ತುಗೀಜರು ತಮ್ಮ ಭಾಷೆಯಲ್ಲಿ ಮೆಣಸನ್ನು ‘ಪಿಮೆಂತ’ ಎನ್ನುವರು. ಇದೂ ಲ್ಯಾಟಿನ್ನಿನ ಮಾತೇ. ಆದರೆ ‘ಪಿಪೆರ್’ ಎಂಬುದರ ಸಂತಾನವಲ್ಲ. ಬಣ್ಣವೆಂಬ ಅರ್ಥವುಳ್ಳ ‘ಪಿಗ್ಮೆಂತುಂ’ ಎಂಬ ಶಬ್ದವು ಕ್ರಮೇಣ ಮಸಾಲೆಯ ಪದಾರ್ಥಗಳಿಗೂ ಅನ್ವಯಿಸಿ ಈ ರೂಪಕ್ಕೆ ಬಂದಿತು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆದಾಗ ಬಳಸಿದುದು ಈ ಪಿಮೆಂತ ಶಬ್ದವನ್ನೇ. ಪಿಪೆರ್, ಪಿಮೆಂತ ಎಂಬ ಈ ಎರಡು ಶಬ್ದಗಳಿಗೂ ಪಿಕಾರವು ಮೊದಲಿರುವುದು ಕೇವಲ ಆಕಸ್ಮಿಕ. ಕಿವಿಯನ್ನು ಮಾತ್ರ ನಂಬುವವನು ಇಲ್ಲಿ ಸುಲಭವಾಗಿ ಮೋಸಹೋಗುವನು.

ದಕ್ಷಿಣದೇಶದ ಹೆಸರುಗಳು ಪಶ್ಚಿಮಕ್ಕೆ ಹೋಗಲೇ ಇಲ್ಲವೆಂದು ಇದರಿಂದ ತಿಳಿಯಬಾರದು. ಕೊಡಗಿನ ಗದ್ದೆಗಳಲ್ಲಿ ಬೆಳೆಯುವ ಶುಂಠಿಯನ್ನು ಇಂಗ್ಲಿಷರು ‘ಜಿಂಜರ್’ ಎನ್ನುವರು. ಅದರ ಹಿಂದೆ ಲ್ಯಾಟಿನ್ನಿನ ‘ಜಿಂಗಿಬೆರ್,’ ಅದರ ಹಿಂದೆ ಗ್ರೀಕರ ‘ಜಿಂಗಿಬೆರಿಸ್,’ ಅದರ ಹಿಂದೆ ಪಾಲಿಯ ಸಿಂಗಿವೇರ, ಸಂಸ್ಕೃತದ ಶೃಂಗವೇರ. ಶೃಂಗದಂತಹ ಶರೀರವುಳ್ಳುದೆಂದು ನಮ್ಮ ಪಂಡಿತರು ಈ ಶಬ್ದಕ್ಕೆ ವ್ಯುತ್ಪತ್ತಿಯನ್ನು ಹೇಳುತ್ತ ಬಂದರು. ಆದರೆ ತಮಿಳಿನ ಇಂಜಿ ಎಂಬ ಹೆಸರಿನ ಪೂರ್ವರೂಪಕ್ಕೆ, ಬೇರು ಎಂಬ ಅರ್ಥದ ವೇರ್ ಸೇರಿ ಇದು ಹುಟ್ಟಿತೆಂಬುದು ಈಚಿನ ವಿದ್ವಾಂಸರ ಅಭಿಪ್ರಾಯ. ಅದು ನಿಜವಾದರೆ ಸಂಸ್ಕೃತವೂ ಇಲ್ಲಿ ಕೊಟ್ಟ ಭಾಷೆಯಲ್ಲ, ಕೊಂಡು ಕೊಟ್ಟ ಭಾಷೆ. ಇನ್ನು ವೀಳ್ಯದೆಲೆಯ ‘ಬೀಟಲ್’ ಎಂಬ ಇಂಗ್ಲಿಷ್ ಹೆಸರು ಮಲೆಯಾಳದ ವೆಟ್ಟಿಲದಿಂದ ಪೋರ್ತುಗೀಜರ ಮೂಲಕ ಹೋದುದು. ವೀಳ್ಯದ ಬಳ್ಳಿಯು ಮೆಣಸಿಗೆ ಅತ್ಯಂತ ಹತ್ತಿರದ ನಂಟು. ಒಂದೇ ತೀರದಿಂದ ಇವೆರಡರ ಪರಿಚಯವೂ ಪರದೇಶದವರಿಗೆ ಆಯಿತು. ಎಲೆಯ ಹೆಸರು ಹೋಯಿತು, ಕಾಳಿನ ಹೆಸರು ಹೋಗಲಿಲ್ಲ. ಕಾರಣವು ಇಷ್ಟೇ: ಎಲೆಗೆ ಅವರಲ್ಲಿ ಹೆಸರಿರಲಿಲ್ಲವಾದುದರಿಂದ ಬೆಳೆದವರನ್ನು ಕೇಳಿದರು, ಕಾಳಿಗೆ ಹೆಸರು ಆಗಲೇ ಸಿದ್ಧವಾಗಿದ್ದುದರಿಂದ ಯಾರನ್ನೂ ಕೇಳಲಿಲ್ಲ.

ಪಿಪ್ಪಲಿಯ ಪ್ರಯಾಣವು ಎಲ್ಲಿಯವರೆಗೆ ಹೋಯಿತೆಂಬುದನ್ನು ಮಕ್ಕಳಿರುವ ಮನೆಗಳಲ್ಲಿ ಎಲ್ಲರೂ ಕಂಡಿರುವರು. ಅಂಗಡಿಯ ಗಾಜಿನ ಭರಣಿಯಲ್ಲಿರುವ ‘ಪೆಪ್ಪರ್‌ಮಿಂಟು’ ಎಂಬ ಸಿಹಿಗುಳಿಗೆಯ ಹೆಸರಿನಲ್ಲಿ ಮೊದಲನೆಯದು ಪಿಪ್ಪಲಿ, ಎರಡನೆಯದು ಪುದೀನದ ಕುಲಕ್ಕೆ ಲ್ಯಾಟಿನ್ನಿನಲ್ಲಿದ್ದ ‘ಮೆಂಥ’ ಎಂಬ ಹೆಸರು. ನಾಲಗೆಗೆ ಚುರುಕಾದ ಆ ಸೊಪ್ಪನ್ನು ಮೆಣಸಿಗೆ ಹೋಲಿಸಿ ಇಂಗ್ಲಿಷರು ಹಾಗೆಂದರು. ಅದರಲ್ಲಿ ಹಿಪ್ಪಲಿಯೂ ಇಲ್ಲ, ಮೆಣಸೂ ಇಲ್ಲ. ಅಥರ್ವವೇದದ ಋಷಿಯು ಗಾಯವನ್ನು ಮಾಯಿಸೆಂದು ಬೇಡಿಕೊಂಡ ಔಷಧಿಯ ಹೆಸರು, ಇಂದು ಸಕ್ಕರೆಯ ಗುಳಿಗೆಯ ಮೇಲೆ ಉಳಿದಿದೆ.

1753ರಲ್ಲಿ ಸ್ವೀಡನ್ನಿನ ಲಿನೀಯಸನು ಸಸ್ಯಗಳಿಗೆಲ್ಲ ಲ್ಯಾಟಿನ್ನಿನಲ್ಲಿ ಹೆಸರಿಟ್ಟಾಗ, ‘ಪಿಪೆರ್’ ಎಂಬುದನ್ನು ಗೋತ್ರನಾಮವನ್ನಾಗಿ ಮಾಡಿ, ಮೆಣಸಿಗೆ ಪಿಪೆರ್ ನಿಗ್ರುಂ, ಹಿಪ್ಪಲಿಗೆ ಪಿಪೆರ್ ಲಾಂಗುಂ, ವೀಳ್ಯಕ್ಕೆ ಪಿಪೆರ್ ಬೀಟ್ಲೆ ಎಂದು ಬೇರೆಬೇರೆಯಾಗಿ ಕರೆದನು. ಪ್ಲಿನಿಯ ಕಾಲದ ಗೊಂದಲವು ಶಾಸ್ತ್ರದಲ್ಲಿ ಹೀಗೆ ಪರಿಹಾರವಾಯಿತು. ಒಂದೇ ಗೋತ್ರ, ಬೇರೆ ಬೇರೆ ವ್ಯಕ್ತಿಗಳು. ಆದರೆ ಲೋಕದ ಬಳಕೆಯಲ್ಲಿ ಗೊಂದಲವು ಹಾಗೆಯೇ ನಿಂತಿದೆ.

ಈ ವೃತ್ತಾಂತವನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ಕಂಡುಬರುವುದೇನೆಂದರೆ: ಶಬ್ದವು ನಮ್ಮದಾಯಿತೆಂದು ಹೆಮ್ಮೆಪಡುವ ಮೊದಲು ಅದು ನಮ್ಮಲ್ಲಿ ಯಾರದೆಂದು ವಿಚಾರಿಸಬೇಕು. ಪೆಪ್ಪರ್ ಎಂಬುದು ಭಾರತದ ಶಬ್ದವೆಂಬುದು ನಿಜ. ಆದರೆ ಅದು ಮೆಣಸನ್ನು ಬೆಳೆದವರ ಶಬ್ದವಲ್ಲ. ಅವರಿಗೆ ದೂರದವರ ಶಬ್ದ, ಮತ್ತೊಂದು ಬಳ್ಳಿಯ ಶಬ್ದ. ಸಹ್ಯಾದ್ರಿಯ ಕಾಳು ಎರಡು ಸಾವಿರ ವರ್ಷಗಳಿಂದ ಲೋಕದ ಪಾತ್ರೆಗಳಲ್ಲೆಲ್ಲ ಬಿದ್ದರೂ, ಅದನ್ನು ಮರದ ಮೇಲಿಂದ ಇಳಿಸಿದವರ ಮಾತು ಘಟ್ಟವನ್ನಿಳಿದು ಹಡಗನ್ನೇರಲಿಲ್ಲ. ಹೊರಗೆ ಅದಕ್ಕೆ ಹಿಪ್ಪಲಿಯ ಹೆಸರು ಅಂಟಿತು. ಒಳಗೆ ಅದರ ಹೆಸರು ಅಮೆರಿಕೆಯ ಕಾಯಿಗೆ ಹೋಯಿತು. ಈಗ ಕೊಡಗಿನಲ್ಲಿಯೇ ಬೆಳೆದವರ ಬಾಯಲ್ಲಿ ಪೆಪ್ಪರ್ ಎಂಬ ಮಾತು ಮೆಣಸನ್ನು ಹಿಂದೆ ತಳ್ಳುತ್ತಿರುವುದು ಇದೇ ಕಥೆಯ ಮುಂದಣ ಅಧ್ಯಾಯ. ಪರಭಾಷೆಯ ಶಬ್ದವನ್ನು ಬಳಸುವುದರಲ್ಲಿ ದೋಷವಿಲ್ಲ; ಭಾಷೆಗಳು ಬೆಳೆದುದೇ ಹಾಗೆ, ಸಂಸ್ಕೃತವೂ ಇದಕ್ಕೆ ಹೊರತಲ್ಲ. ಆದರೆ ಎರಡು ಪದಾರ್ಥಗಳಿಗೆ ಎರಡು ಹೆಸರುಗಳಿದ್ದ ಭಾಷೆಯನ್ನು ಬಿಟ್ಟು, ಒಂದೇ ಹೆಸರಿನಿಂದ ಪ್ಲಿನಿಯನ್ನು ಮೋಸಗೊಳಿಸಿದ ಶಬ್ದವನ್ನು ಹಿಡಿಯುವಾಗ, ಕಳೆದುಕೊಳ್ಳುವುದೇನೆಂಬ ಎಚ್ಚರವಾದರೂ ಇರಬೇಕು. ತ್ರಿಕಟು ಚೂರ್ಣವನ್ನು ಮಾಡುವ ಮನೆಗಳಲ್ಲಿ ಈಗಲೂ ಶುಂಠಿಯನ್ನು ಒಂದು ಕಡೆ, ಮೆಣಸನ್ನು ಒಂದು ಕಡೆ, ಹಿಪ್ಪಲಿಯನ್ನು ಮತ್ತೊಂದು ಕಡೆ ಇಟ್ಟು, ಮೂರನ್ನೂ ಅವುಗಳ ಹೆಸರು ಹಿಡಿದೇ ತೂಗುವರು.